ಬೀದಿ ಖಾಲಿಯಾಗಿದ್ದು ಮೊಬೈಲಿನಿಂದಲೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಟ್ಟಿ ಬೆಳೆದದ್ದು ಚಿಕ್ಕಮಗಳೂರಿನ ಹಳೇ ಬೀದಿಯೊಂದರಲ್ಲಿ. ಮದುವೆಯಾಗಿ ಹಾಸನಕ್ಕೆ ಹೋದೆ. ಹೈಸ್ಕೂಲು ಟೀಚರ್ ನಾನು. ಈಗ ವರ್ಗವಾಗಿ ಊರಿಗೆ ವಾಪಸ್ ಬಂದಿದ್ದೇನೆ. ನಾನು ಚಿಕ್ಕವಳಿದ್ದಾಗ ಸಂಜೆ ಐದಕ್ಕೆ ನಮ್ಮ ಬೀದಿ ಗಿಜಿಗಿಜಿ ಅನ್ನುತ್ತಿತ್ತು. ನಲ್ಲಿ ಹತ್ತಿರ ಹೆಂಗಸರು, ಜಗಲಿ ಮೇಲೆ ತಾತಂದಿರು, ರಸ್ತೆ ತುಂಬ ಮಕ್ಕಳು. ಈಗ ಅದೇ ಹೊತ್ತಿಗೆ ನೋಡಿದರೆ ನಿಲ್ಲಿಸಿದ ಕಾರು ಬಿಟ್ಟರೆ ಏನೂ ಇಲ್ಲ. ಎಲ್ಲರೂ ಮೊಬೈಲನ್ನೇ ಬೈಯುತ್ತಾರೆ. ನಿಜವಾಗಿ ಅದೇ ಕಾರಣವಾ? ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಇದರ ಮೇಲೆ ಒಂದು ಪ್ರಾಜೆಕ್ಟ್ ಮಾಡಿಸೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊಬೈಲು ಈ ಕೇಸಿನಲ್ಲಿ ಕೊನೆಗೆ ಬಂದ ಆರೋಪಿ, ಮೇಡಂ. ಸ್ಥಳದಲ್ಲೇ ಸಿಕ್ಕಿಬಿದ್ದ ಅಂತ ಎಲ್ಲರೂ ಅವನನ್ನೇ ಹಿಡಿದುಕೊಂಡಿದ್ದಾರೆ. ಅಗ್ಗದ ಇಂಟರ್ನೆಟ್ ಮನೆಮನೆಗೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ನಮ್ಮೂರುಗಳ ಎಷ್ಟೋ ಬೀದಿಗಳು ಆಗಲೇ ಬಿಕೋ ಅನ್ನುತ್ತಿದ್ದವು. ಮದುವೆಯಾದ ಮೇಲೆ ಹಬ್ಬಕ್ಕೆ ಅಂತ ತವರಿಗೆ ಬರುತ್ತಿದ್ದಿರಲ್ಲ, ಆಗಲೇ ನಲ್ಲಿ ಹತ್ತಿರ ಜನ ಕಡಿಮೆಯಾಗಿರಲಿಲ್ಲವಾ? ಸ್ವಲ್ಪ ನೆನಪು ಮಾಡಿಕೊಳ್ಳಿ.

ಆ ನಲ್ಲಿಯಿಂದಲೇ ಶುರು ಮಾಡೋಣ. ಬೀದಿ ನಲ್ಲಿಗೆ ನೀರು ಬಿಡುವ ಹೊತ್ತು ಎಲ್ಲರಿಗೂ ಗೊತ್ತಿರುತ್ತಿತ್ತು, ಆದರೆ ಗ್ಯಾರಂಟಿ ಇರುತ್ತಿರಲಿಲ್ಲ. ಅದಕ್ಕೇ ಅರ್ಧ ಗಂಟೆ ಮುಂಚೆಯೇ ಬಿಂದಿಗೆಗಳು ಸಾಲಾಗಿ ಬಂದು ಕೂರುತ್ತಿದ್ದವು. ಮೊದಲು ಹಿತ್ತಾಳೆ, ಆಮೇಲೆ ಸ್ಟೀಲು, ಆಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ಕು. ಬಿಂದಿಗೆ ಇಟ್ಟು ಒಲೆ ನೋಡಿಕೊಂಡು ಬರೋಕೆ ಹೋದವಳ ಸರದಿಗೆ ಬಿಂದಿಗೆಯೇ ಸಾಕ್ಷಿ. ಅದನ್ನು ಯಾರಾದರೂ ಕಾಲಲ್ಲಿ ಹಿಂದಕ್ಕೆ ತಳ್ಳಿದರೋ, ಆವತ್ತು ಬೀದಿಗೆಲ್ಲ ಕೇಳುವ ಹಾಗೆ ಜಗಳ. ನಲ್ಲಿಯ ಬಾಯಿಗೆ ಒಂದು ಹಳೇ ಬಟ್ಟೆ ಕಟ್ಟಿರುತ್ತಿತ್ತು. ಕೆಳಗೆ ಬಿಂದಿಗೆ ಕೂರಿಸಿ ಕೂರಿಸಿ ಕಲ್ಲು ಗುಳಿ ಬಿದ್ದಿರುತ್ತಿತ್ತು. ಸುತ್ತ ಪಾಚಿ, ಜಾರಿಕೆ. ಆ ಕಾಯುವ ಹೊತ್ತಿನಲ್ಲಿ ಯಾರ ಮನೆಗೆ ಹೆಣ್ಣು ನೋಡೋಕೆ ಬಂದಿದ್ದರು, ಯಾರ ಗಂಡ ಈ ತಿಂಗಳೂ ಸಂಬಳ ತಂದು ಕೊಡಲಿಲ್ಲ, ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ ಎಲ್ಲಾ ಬಯಲಾಗುತ್ತಿತ್ತು. ಮಾತಾಡೋಕೆ ಅಂತ ಯಾರೂ ಬಂದವರಲ್ಲ. ನೀರಿಗೆ ಬಂದವರು. ಕಾಯಬೇಕಿತ್ತು, ಮಾತಾಡಿದರು.

ಈಗ ಹಿರೇಕೊಳಲೆ ಕೆರೆ ನೀರೋ ಯಗಚಿ ನೀರೋ, ಸೀದಾ ಮನೆಯ ಸಂಪ್ ತೊಟ್ಟಿಗೆ ಬಂದು ಬೀಳುತ್ತದೆ. ಮೋಟರ್ ಹಾಕಿದರೆ ಟ್ಯಾಂಕು ತುಂಬುತ್ತದೆ. ಕಾಯುವ ಕೆಲಸ ಹೋಯಿತು. ಅದರ ಜೊತೆಗೆ ಮಾತೂ ಹೋಯಿತು. ಹಾಗಂತ ನಿಮ್ಮ ತಾಯಿಯವರನ್ನು, ಆ ನಲ್ಲಿ ವಾಪಸ್ ಬೇಕಾ ಅಂತ ಕೇಳಿ ನೋಡಿ. ಸೊಂಟದ ಮೇಲೆ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದವರು ಯಾರೂ ಹೂಂ ಅನ್ನಲ್ಲ. ಹಳೇ ಬೀದಿ ಚೆನ್ನಾಗಿತ್ತು ಅನ್ನುವವರಲ್ಲಿ ನೀರು ಹೊರದೆ ಇದ್ದವರೇ ಜಾಸ್ತಿ ಅನ್ನೋದು ನನ್ನ ಅನುಮಾನ.

ಡೆನ್ಮಾರ್ಕಿನ ಯಾನ್ ಗೆಲ್ ಅಂತ ಒಬ್ಬ ವಾಸ್ತುಶಿಲ್ಪಿ ಇದ್ದಾರೆ. ಊರಿನ ಜಾಗಗಳಲ್ಲಿ ಜನ ಏನು ಮಾಡುತ್ತಾರೆ ಅನ್ನೋದನ್ನು ದಶಕಗಟ್ಟಲೆ ಎಣಿಸಿದವರು. ಅವರು ಹೊರಗಿನ ಚಟುವಟಿಕೆಯನ್ನು ಮೂರು ಥರ ಮಾಡಿ ನೋಡುತ್ತಾರೆ. ಮೊದಲನೆಯದು ಮಾಡಲೇಬೇಕಾದದ್ದು: ಕೆಲಸಕ್ಕೆ ಹೋಗೋದು, ಸಾಮಾನು ತರೋದು, ಬಸ್ಸಿಗೆ ಕಾಯೋದು. ಜಾಗ ಹೇಗೇ ಇರಲಿ, ಮಳೆ ಬರಲಿ ಬಿಸಿಲಿರಲಿ, ಜನ ಬಂದೇ ಬರುತ್ತಾರೆ. ಎರಡನೆಯದು ಮನಸ್ಸಿದ್ದರೆ ಮಾಡೋದು: ಸುಮ್ನೆ ಒಂದು ಸುತ್ತು ಹಾಕೋದು, ಕೂತು ಗಾಳಿ ತಗೊಳ್ಳೋದು. ಇದಕ್ಕೆ ಜಾಗ ಚೆನ್ನಾಗಿರಬೇಕು, ಇಲ್ಲದಿದ್ದರೆ ಯಾರೂ ಬರಲ್ಲ. ಮೂರನೆಯದು ಜನರ ಜೊತೆ ಸೇರೋದು. ಅದು ತಾನಾಗಿ ಹುಟ್ಟಲ್ಲ, ಮೊದಲ ಎರಡಕ್ಕೆ ಬಂದವರ ನಡುವೆ ಹುಟ್ಟುತ್ತದೆ. ಮಾತುಕತೆ, ಮಕ್ಕಳ ಆಟ, ನಿಂತು ನೋಡೋದು ಎಲ್ಲಾ ಇದರೊಳಗೆ ಬಂತು.

ನಿಮ್ಮ ಬೀದಿಯನ್ನು ಈ ಕಣ್ಣಿನಿಂದ ನೋಡಿ. ಮಾಡಲೇಬೇಕಾದ ಕೆಲಸಗಳು ಒಂದೊಂದಾಗಿ ಮನೆಯೊಳಗೆ ಹೋದವು. ನೀರು ಹೋಯಿತು. ಪಾಯಿಖಾನೆ, ಸ್ನಾನ, ಬಟ್ಟೆ ಒಗೆಯೋದು ಒಳಗೆ ಹೋದವು. ಅಕ್ಕಿ ಬೀಸೋದು ಮಿಕ್ಸಿಗೆ ಹೋಯಿತು, ರುಬ್ಬೋದು ಗ್ರೈಂಡರಿಗೆ. ಸೀಮೆಎಣ್ಣೆ ಕ್ಯೂ ಹೋಗಿ ಗ್ಯಾಸ್ ಬಂತು. ಬೀದಿಗೆ ಬರುವ ಅಗತ್ಯವೇ ಇಲ್ಲದ ಮೇಲೆ ಉಳಿದದ್ದು ಇಷ್ಟವಿದ್ದರೆ ಬರೋದು ಮಾತ್ರ. ಇಷ್ಟಪಟ್ಟು ಬರೋಕೆ ಅಲ್ಲಿ ಏನಿತ್ತು? ಕೂರೋಕೆ ಜಾಗವಿಲ್ಲ, ನೆರಳಿಲ್ಲ, ಚರಂಡಿ ವಾಸನೆ, ಹಿಂದೆಯಿಂದ ಹಾರ್ನು.

ನಡುವೆ ಟಿವಿ ಬಂತು. ಅದರ ಕಥೆ ಸ್ವಲ್ಪ ತಮಾಷೆಯದು. ಟಿವಿ ಮೊದಲು ಜನರನ್ನು ಚದುರಿಸಲಿಲ್ಲ, ಸೇರಿಸಿತು. ಬೀದಿಗೆ ಒಂದೋ ಎರಡೋ ಟಿವಿ ಇದ್ದ ಕಾಲ ಅದು, ಹೆಂಚಿನ ಮೇಲೆ ಉದ್ದದ ಆಂಟೆನಾ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿತ್ತು. ಆ ಹೊತ್ತಿಗೆ ಬೀದಿ ಖಾಲಿ, ಆದರೆ ಟಿವಿ ಇದ್ದವರ ಮನೆಯ ಹಾಲ್ ತುಂಬಿ ಕಿಟಕಿಯ ಸರಳಿಗೂ ಜನ. ಚಪ್ಪಲಿ ರಾಶಿ ನೋಡಿದರೆ ಮದುವೆ ಮನೆ ಅನ್ನಬೇಕು. ಆಮೇಲೆ ಮನೆಗೊಂದು ಟಿವಿ ಬಂತು, ಕೇಬಲ್ ಬಂತು, ಸಂಜೆ ಏಳರ ಮೇಲೆ ಒಂದರ ಹಿಂದೆ ಒಂದು ಧಾರಾವಾಹಿ ಬಂದವು. ಸಂಜೆ ಹೊತ್ತು ಜಗಲಿಯಿಂದ ಹಾಲಿಗೆ ಹೋದದ್ದು ಆಗ. ಮೊಬೈಲು ಆ ಹಾಲಿನಲ್ಲಿ ಕೂತಿದ್ದವರನ್ನು ಒಬ್ಬೊಬ್ಬರನ್ನೇ ಅವರವರ ರೂಮಿಗೆ ಕಳಿಸಿತು. ಬೀದಿಯಿಂದ ಅವರನ್ನು ಎಬ್ಬಿಸಿದ್ದು ಅದಲ್ಲ.

ಜಗಲಿ ಅಂದೆ. ನಿಮ್ಮ ಬೀದಿಯಲ್ಲಿ ಈಗ ಎಷ್ಟು ಜಗಲಿ ಉಳಿದಿವೆ ನೋಡಿ. ಹೆಂಚಿನ ಮನೆಯ ಮುಂದೆ ಮೊಣಕಾಲೆತ್ತರದ ಜಗಲಿ, ರೆಡ್ ಆಕ್ಸೈಡ್ ಹಾಕಿ ನುಣ್ಣಗೆ ಮಾಡಿದ ನೆಲ, ಒರಗಿಕೊಳ್ಳೋಕೆ ಒಂದು ಮರದ ಕಂಬ. ತಲೆ ತಾಗಿ ತಾಗಿ ಆ ಕಂಬದಲ್ಲಿ ಎಣ್ಣೆಯ ಗುರುತು. ಪಕ್ಕದಲ್ಲಿ ಎಲೆ ಅಡಿಕೆ ತಟ್ಟೆ, ಮಡಚಿಟ್ಟ ಪೇಪರು. ಅದು ಮನೆಯೂ ಹೌದು, ಬೀದಿಯೂ ಹೌದು. ಅಲ್ಲಿ ಕೂತ ತಾತ ಮನೆ ಬಿಟ್ಟು ಹೊರಗೆ ಬಂದ ಹಾಗೂ ಅಲ್ಲ, ಒಳಗೆ ಇದ್ದ ಹಾಗೂ ಅಲ್ಲ. ದಾರಿಯಲ್ಲಿ ಹೋಗುವವರು ಅಪ್ಪಣೆ ಕೇಳದೆ ಎರಡು ನಿಮಿಷ ಕೂತು ಎದ್ದು ಹೋಗಬಹುದಿತ್ತು. ಮಕ್ಕಳ ಮೇಲೆ ಯಾರೂ ಕಣ್ಣಿಟ್ಟಿರಬೇಕಾಗಿರಲಿಲ್ಲ, ಆ ಕಣ್ಣು ಅಲ್ಲಿ ಇದ್ದೇ ಇರುತ್ತಿತ್ತು.

30×40 ಸೈಟಿನಲ್ಲಿ ಕಟ್ಟಿದ ಹೊಸ ಮನೆಗೆ ಜಗಲಿ ಇಲ್ಲ. ಕಾಂಪೌಂಡು, ಗೇಟು, ಕಾರು ನಿಲ್ಲಿಸಲು ಪೋರ್ಟಿಕೊ. ಗೇಟು ಅಂದ ಮೇಲೆ ಬೆಲ್ ಮಾಡಬೇಕು. ಬೆಲ್ ಮಾಡಬೇಕು ಅಂದರೆ ಕೆಲಸ ಇರಬೇಕು. ಸುಮ್ನೆ ಬಂದೆ ಅಂತ ಹೇಳಿ ಯಾರೂ ಬೆಲ್ ಒತ್ತಲ್ಲ ಅಲ್ವಾ? ಪೋರ್ಟಿಕೊ ಇಲ್ಲದವರ ಕಾರು ರಸ್ತೆಯಲ್ಲಿ. ಮಕ್ಕಳ ಕ್ರಿಕೆಟ್ ಪಿಚ್ ಇದ್ದದ್ದೂ ಅಲ್ಲೇ. ಬೀದಿ ಕ್ರಿಕೆಟ್ಟಿಗೆ ಅದರದೇ ಕಾನೂನು: ಒನ್ ಪಿಚ್ ಕ್ಯಾಚ್ ಹಿಡಿದರೆ ಔಟು, ಎದುರು ಮನೆ ಅಜ್ಜಿಯ ಹೂದೋಟಕ್ಕೆ ಬಿದ್ದರೆ ಔಟು, ಹೊಡೆದವನೇ ಹೋಗಿ ಬಾಲ್ ತರಬೇಕು. ಹತ್ತು ಲಕ್ಷದ ಕಾರಿನ ಗಾಜು ಅಲ್ಲಿ ಬಂದು ನಿಂತ ಮೇಲೆ ಯಾವ ಕಾನೂನೂ ಸಾಲದು. ಅಪ್ಪಂದಿರೇ ಆಟ ನಿಲ್ಲಿಸಿದರು. ಮಕ್ಕಳ ವಿಷಯದಲ್ಲಿ ಮೊಬೈಲಿಗಿಂತ ಕಾರು, ಟ್ಯೂಷನ್ನು ಎರಡರ ಪಾಲು ದೊಡ್ಡದು ಅಂತ ನಾನು ಹೇಳುತ್ತೇನೆ. ಐದೂವರೆಗೆ ಸ್ಕೂಲ್ ವ್ಯಾನಿನಿಂದ ಇಳಿದ ಮಗು ಆರಕ್ಕೆ ಟ್ಯೂಷನ್ನಿಗೆ ಹೋಗಬೇಕಾದರೆ ಲಗೋರಿ ಯಾವಾಗ ಆಡಬೇಕು? ಈಗ ಆಡಬೇಕು ಅನ್ನುವವರಿಗೆ ಗಂಟೆಗಿಷ್ಟು ಅಂತ ಕೊಟ್ಟು ಆಡುವ ಟರ್ಫ್ ಮೈದಾನ ಇದೆ. ಕೊಡಲು ಆಗದವರ ಮಕ್ಕಳು ಎಲ್ಲಿ ಆಡುತ್ತಾರೆ ಅನ್ನೋದನ್ನೂ ನಿಮ್ಮ ಪ್ರಾಜೆಕ್ಟಿನಲ್ಲಿ ಹುಡುಕಿಸಿ.

ಹಳೆಯದೆಲ್ಲ ತಲತಲಾಂತರದಿಂದ ಬಂದದ್ದು ಅಂತಲೂ ಅಂದುಕೊಳ್ಳಬೇಡಿ. ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ವ್ಯಾಪಾರಿಗಳ ಅಂಗಡಿ ಮುಂದೆ ಆವತ್ತಿನ ರೇಟು ಬರೆದ ಬೋರ್ಡು. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಚೆರಿ ಇಷ್ಟು, ರೋಬಸ್ಟಾ ಇಷ್ಟು, ಎಲ್ಲಾ 50 ಕೆಜಿ ಮೂಟೆಯ ಲೆಕ್ಕ. ಬೆಳಿಗ್ಗೆ ಅದರ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ, ಕೊಡೋದಾ ಇನ್ನೂ ಇಟ್ಟುಕೊಳ್ಳೋದಾ ಅಂತ ಚರ್ಚೆ ಮಾಡುವ ಬೆಳೆಗಾರರ ಗುಂಪು. ಇದು ಚಿಕ್ಕಮಗಳೂರಿನ ಸನಾತನ ದೃಶ್ಯ ಅನ್ನಿಸುತ್ತದೆ. ಆದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಸರ್ಕಾರದ ಕಾಫಿ ಬೋರ್ಡೇ ಮಾರುವ ಪೂಲ್ ಪದ್ಧತಿ ಇದ್ದಷ್ಟು ದಿನ ಬೆಳೆಗಾರ ಕಾಫಿಯನ್ನು ಪೂಲ್‌ಗೆ ಒಪ್ಪಿಸಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ದಿನದ ರೇಟು ನೋಡಿ ಮಾರುವ ಮಾತೇ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಆ ಪದ್ಧತಿ ಹೋಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂದ ಮೇಲೆ ಅಂಗಡಿ ಮುಂದಿನ ಆ ರೇಟಿನ ಬೋರ್ಡಿಗೆ ಬೆಲೆ ಬಂತು. ಈಗ ರೇಟು ಹಾಸಿಗೆಯಿಂದ ಏಳುವ ಮೊದಲೇ ವಾಟ್ಸಾಪಿಗೆ ಬರುತ್ತದೆ. ಹೀಗೆ ಬೀದಿಯಲ್ಲಿ ಒಂದು ಚಟುವಟಿಕೆ ಹುಟ್ಟಿತು, ಒಂದು ತಲೆಮಾರಿನೊಳಗೇ ತೆಳ್ಳಗಾಯಿತು. ಇಲ್ಲಿ ಮಾತ್ರ ಮೊಬೈಲಿನ ಮೇಲಿನ ಆರೋಪ ನಿಜ. ಒಪ್ಪಿಕೊಳ್ಳೋಣ.

ಈಗ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ. ನೀವು ಸಂಜೆ ಐದಕ್ಕೆ ನಿಂತು ನೋಡಿದಿರಿ. ಒಂದು ದಿನ ಬೆಳಿಗ್ಗೆ ಆರಕ್ಕೆ ರತ್ನಗಿರಿ ಬೋರೆಯ ಮಹಾತ್ಮ ಗಾಂಧಿ ಪಾರ್ಕಿಗೋ ಬಸವನಹಳ್ಳಿ ಕೆರೆ ಕಡೆಗೋ ಹೋಗಿ ನೋಡಿ. ಹಾಸನದಲ್ಲಿದ್ದಾಗ ಮಹಾರಾಜ ಪಾರ್ಕಿನಲ್ಲೂ ನೋಡಿರುತ್ತೀರಿ. ಚೂಡಿದಾರದ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ಮಫ್ಲರು ಸುತ್ತಿಕೊಂಡು ಇಬ್ಬಿಬ್ಬರು ಮೂವರು ಹೆಂಗಸರು ಬಿರಬಿರನೆ ನಡೆಯುತ್ತಿರುತ್ತಾರೆ. ಕೈ ಬೀಸುವ ರಭಸಕ್ಕೂ ಮಾತಿನ ರಭಸಕ್ಕೂ ಪೈಪೋಟಿ. ಏನು ಮಾತು ಅಂತ ಕೇಳಿದರೆ ಅದೇ: ಯಾರ ಮನೆಗೆ ಹೆಣ್ಣು ನೋಡೋಕೆ ಬಂದಿದ್ದರು, ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ. ನಲ್ಲಿ ಹತ್ತಿರದ ಮಾತು ಸತ್ತಿಲ್ಲ. ಹೊತ್ತು ಬದಲಾಯಿಸಿದೆ, ಜಾಗ ಬದಲಾಯಿಸಿದೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡಿದೆ.

ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಇದು. ನಮ್ಮಲ್ಲಿ ಗಂಡಸು ಬೀದಿಗೆ ಬರೋಕೆ ಕಾರಣ ಹೇಳಬೇಕಾಗಿಲ್ಲ. ಟೀ ಅಂಗಡಿ ಮುಂದೆ, ಸೆಲೂನಿನ ಬೆಂಚಿನ ಮೇಲೆ, ಆಜಾದ್ ಪಾರ್ಕ್ ಹತ್ತಿರ ಒಂದು ಗಂಟೆ ನಿಂತರೂ ಯಾಕಪ್ಪಾ ಅಂತ ಯಾರೂ ಕೇಳಲ್ಲ. ಹೆಂಗಸಿಗೆ ಒಂದು ನೆಪ ಬೇಕು. ಒಂದು ಕಾಲಕ್ಕೆ ಆ ನೆಪ ಬಿಂದಿಗೆಯಾಗಿತ್ತು. ದೇವಸ್ಥಾನ ಇತ್ತು, ಸಂತೆ ಇತ್ತು. ಬಿಂದಿಗೆ ಹೋದಾಗ ನೀರಿನ ಕಷ್ಟ ತಪ್ಪಿತು, ಆದರೆ ಹೊರಗೆ ಹೋಗುವ ನೆಪವೂ ತಪ್ಪಿತು. ಎಷ್ಟೋ ವರ್ಷ ಆ ಜಾಗ ತುಂಬಲೇ ಇಲ್ಲ. ಆಮೇಲೆ ಡಾಕ್ಟರು ತುಂಬಿಸಿದರು. "ಶುಗರ್ ಇದೆ, ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡಿ" ಅಂತ ಚೀಟಿಯಲ್ಲಿ ಬರೆದ ಮೇಲೆ ಅತ್ತೆಯೂ ಮಾತಾಡುವಂತಿಲ್ಲ, ಗಂಡನೂ ಮಾತಾಡುವಂತಿಲ್ಲ. ಮಕ್ಕಳ ಸ್ಕೂಲ್ ಬಸ್ಸು ಬರುವ ತಿರುವು ಇನ್ನೊಂದು ನೆಪ. ಬಸ್ಸು ಏಳೂ ನಲವತ್ತಕ್ಕೆ ಹೋಗಿರುತ್ತದೆ, ತಾಯಂದಿರು ಎಂಟಕ್ಕೂ ಅಲ್ಲೇ ಇರುತ್ತಾರೆ. ಸಂಘದ ಮೀಟಿಂಗು ಮತ್ತೊಂದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದೂ ಒಂದು ನೆಪವೇ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಈಗ ಯಾರು ಕೂತಿರುತ್ತಾರೆ ಅಂತ ಮಕ್ಕಳು ಎಣಿಸಲಿ.

ಸಂಜೆ ಏಳರ ಮೇಲೆ ಗೋಬಿ ಮಂಚೂರಿ, ಪಾನಿಪುರಿ ಗಾಡಿಗಳ ಮುಂದೆಯೂ ಇದೇ ಕಾಣುತ್ತದೆ. ಗಂಡ, ಹೆಂಡತಿ, ಮಕ್ಕಳು ರಸ್ತೆ ಬದಿಯಲ್ಲಿ ನಿಂತು ತಟ್ಟೆ ಹಿಡಿದು ತಿನ್ನುತ್ತಾರೆ. ನಿಮ್ಮ ಬಾಲ್ಯದಲ್ಲಿ ಗೃಹಸ್ಥರ ಮನೆ ಹೆಂಗಸು ರೋಡಿನಲ್ಲಿ ನಿಂತು ತಿಂದಿದ್ದರೆ ಮಾರನೇ ದಿನ ನಲ್ಲಿ ಹತ್ತಿರ ಅದೇ ಸುದ್ದಿ. ಈ ಗಾಡಿಗಳನ್ನು ಟ್ರಾಫಿಕ್ಕಿಗೆ ಅಡ್ಡ ಅಂತ ಎತ್ತಂಗಡಿ ಮಾಡಿಸಲು ಓಡಾಡುವವರಿಗೆ ಒಂದು ಮಾತು. ರಾತ್ರಿ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡುತ್ತಾರೆ ಅಂದರೆ ಅದಕ್ಕೆ ಆ ಗಾಡಿಯ ಬಲ್ಬು, ಅದರ ಮುಂದಿನ ನಾಲ್ಕು ಜನ ಕಾರಣ. ಬೀದಿಬದಿ ವ್ಯಾಪಾರಿಗಳಿಗಾಗಿಯೇ 2014ರಲ್ಲಿ ಕಾಯ್ದೆ ಬಂದಿದೆ. ಜಾಗ ಗೊತ್ತು ಮಾಡಿ ಕೊಡಬೇಕು ಅನ್ನುತ್ತದೆ ಅದು, ಓಡಿಸಿ ಅನ್ನಲ್ಲ.

ಇನ್ನೊಂದನ್ನು ಮರೆಯಬೇಡಿ. ಆ ಗಿಜಿಗಿಜಿ ಬೀದಿ ಎಲ್ಲರದ್ದೂ ಆಗಿರಲಿಲ್ಲ. ಯಾವ ಬಾವಿಯಲ್ಲಿ ಯಾರು ಸೇದಬೇಕು, ಯಾವ ಅರಳಿಕಟ್ಟೆ ಮೇಲೆ ಯಾರು ಕೂರಬಹುದು, ಯಾರು ಕೆಳಗೇ ನಿಲ್ಲಬೇಕು ಎಲ್ಲಾ ಜಾತಿ ನೋಡಿ ತೀರ್ಮಾನವಾಗಿರುತ್ತಿತ್ತು. 1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಕಾನೂನು ಬಂದ ಎಷ್ಟೋ ವರ್ಷದ ಮೇಲೂ ಕಟ್ಟೆಯ ಕಾನೂನು ಬೇರೆಯೇ ಇತ್ತು. ಮಕ್ಕಳು ಹಿರಿಯರನ್ನು ಮಾತಾಡಿಸುವಾಗ ಒಂದೇ ಬೀದಿಯವರನ್ನು ಮಾತಾಡಿಸಿದರೆ "ಎಷ್ಟು ಚೆನ್ನಾಗಿತ್ತು" ಅನ್ನೋದೊಂದೇ ಸಿಗುತ್ತದೆ. ಪಕ್ಕದ ಕಾಲೋನಿಯವರನ್ನೂ ಕೇಳಲಿ.

ಮೊಬೈಲಿನ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಇದನ್ನು ನಿಜವಾಗಿ ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ, ಬೀದಿ ಮೂಲೆಗಳಲ್ಲಿ ಕ್ಯಾಮೆರಾ ಇಟ್ಟು ಜನ ಹೇಗೆ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ಫಿಲ್ಮ್ ಮಾಡಿದರು. ಅವರ ದೊಡ್ಡ ಶೋಧನೆ ಕೇಳಿದರೆ ನಗು ಬರಬಹುದು: ಕೂರೋಕೆ ಜಾಗ ಇರುವ ಕಡೆ ಜನ ಕೂರುತ್ತಾರೆ. ಆದರೆ ಅಷ್ಟು ಸಣ್ಣ ಮಾತು ಕೋಟಿಗಟ್ಟಲೆ ಸುರಿದು ಚೌಕ ಕಟ್ಟಿಸಿದವರಿಗೆ ಹೊಳೆದಿರಲಿಲ್ಲ. ಒಂದು ಜಾಗದಲ್ಲಿ ಹೆಂಗಸರ ಪಾಲು ಜಾಸ್ತಿ ಇದ್ದರೆ ಆ ಜಾಗ ಚೆನ್ನಾಗಿ ನಡೆಯುತ್ತಿದೆ ಅಂತ ತಿಳಿಯಬಹುದು ಅನ್ನೋದೂ ಅವರದೇ ಮಾತು.

ಸುಮಾರು 30 ವರ್ಷದ ಮೇಲೆ, 2008ರಿಂದ 2010ರ ನಡುವೆ, ಕೀತ್ ಹ್ಯಾಂಪ್ಟನ್ ಅನ್ನುವ ಸಂಶೋಧಕರ ತಂಡ ಅದೇ ಜಾಗಗಳಿಗೆ ಹೋಗಿ ಮತ್ತೆ ಫಿಲ್ಮ್ ಮಾಡಿತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಎಣಿಸಿದರು. ಎಲ್ಲರೂ ಫೋನಿನಲ್ಲೇ ಮುಳುಗಿರುತ್ತಾರೆ ಅಂದುಕೊಂಡಿದ್ದರೆ, ಮೆಟ್ರೊಪಾಲಿಟನ್ ಮ್ಯೂಸಿಯಂ ಮೆಟ್ಟಿಲ ಮೇಲೆ ಫೋನ್ ಹಿಡಿದವರು ನೂರಕ್ಕೆ 3 ಜನ. ಜಾಸ್ತಿ ಕಂಡದ್ದು ಬ್ರಯಂಟ್ ಪಾರ್ಕಿನ ಮೂಲೆಯಲ್ಲಿ, ಅಲ್ಲೂ ನೂರಕ್ಕೆ 10. ಹೆಂಗಸರು ಮೊದಲಿಗಿಂತ ಜಾಸ್ತಿ ಹೊರಗೆ ಕಾಣಿಸಿದರು. ಇಷ್ಟೇ ಆಗಿದ್ದರೆ ಕಥೆ ಸುಲಭ. 2025ರಲ್ಲಿ ಇನ್ನೊಂದು ತಂಡ ಹೆಚ್ಚುಕಡಿಮೆ ಅದೇ ಫಿಲ್ಮುಗಳನ್ನು ಕಂಪ್ಯೂಟರಿಗೆ ಕೊಟ್ಟು ಎಣಿಸಿದ್ದನ್ನು ಪ್ರಕಟಿಸಿತು. ಆ 30 ವರ್ಷದಲ್ಲಿ ಜನರ ನಡಿಗೆಯ ವೇಗ ಶೇಕಡಾ 15 ಜಾಸ್ತಿಯಾಗಿದೆ, ನಿಂತು ಕಾಲ ಕಳೆಯೋದು ಶೇಕಡಾ 14 ಕಡಿಮೆಯಾಗಿದೆ ಅಂತ ಅದರ ಲೆಕ್ಕ. ಒಂದು ತಂಡ ಯಾರಿದ್ದಾರೆ ಅಂತ ನೋಡಿತು, ಇನ್ನೊಂದು ಎಷ್ಟು ಅವಸರದಲ್ಲಿದ್ದಾರೆ ಅಂತ ನೋಡಿತು. ಎರಡೂ ನಿಜ. ಅಮೆರಿಕದ ಈ ಅಂಕಿಯನ್ನು ತಂದು ನಮ್ಮೂರಿನ ಐ.ಜಿ. ರೋಡಿಗೆ ಅಂಟಿಸಬೇಡಿ. ಅದು 2010ಕ್ಕೇ ನಿಂತ ಲೆಕ್ಕ, ನಮ್ಮ ಕೈಗೆ ಸ್ಮಾರ್ಟ್‌ಫೋನು ಬಂದದ್ದೇ ಆಮೇಲೆ. ಕಲಿಯಬೇಕಾದದ್ದು ವಿಧಾನವನ್ನು: ಅದೇ ಜಾಗ, ಅದೇ ಹೊತ್ತು, ಮತ್ತೆ ಎಣಿಸೋದು.

ಜಾಗ ಕೊಟ್ಟರೆ ಜನ ಬರುತ್ತಾರಾ ಅನ್ನೋದಕ್ಕೂ ಲೆಕ್ಕ ಇದೆ. ಕೋಪನ್‌ಹೇಗನ್ನಿನ ಮುಖ್ಯ ಬೀದಿಯಲ್ಲಿ 1962ರಲ್ಲಿ ವಾಹನ ನಿಲ್ಲಿಸಿದರು. ನಾವೇನು ಇಟಲಿಯವರಾ ಬೀದಿಯಲ್ಲಿ ಕೂರೋಕೆ, ಈ ಚಳಿಯಲ್ಲಿ ಯಾರು ಬರುತ್ತಾರೆ ಅಂತ ಅಲ್ಲಿನವರೇ ಗೊಣಗಿದ್ದರು. ಆಮೇಲೆ ಒಂದೊಂದೇ ರಸ್ತೆ, ಚೌಕ ಸೇರಿಸುತ್ತಾ ಹೋದರು. 1968ರಿಂದ 1995ರ ಹೊತ್ತಿಗೆ ವಾಹನವಿಲ್ಲದ ಜಾಗ ಸುಮಾರು ಮೂರೂವರೆ ಪಟ್ಟಾಯಿತು. ಅಲ್ಲಿ ಕೂತು ನಿಂತು ಹೊತ್ತು ಕಳೆಯುವವರೂ ಹೆಚ್ಚುಕಡಿಮೆ ಅಷ್ಟೇ ಪಟ್ಟಾದರು. ನಮ್ಮಲ್ಲಿ ಉಲ್ಟಾ. ಬಡಾವಣೆಯ ಬೆಂಚಿನ ಮೇಲೆ ಪಡ್ಡೆ ಹುಡುಗರು ಕೂರುತ್ತಾರೆ ಅಂತ ಬೆಂಚನ್ನೇ ಕೀಳಿಸುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಪಾರ್ಕಿಗೆ ಬೀಗ ಹಾಕಿ ಸಂಜೆ ನಾಲ್ಕಕ್ಕೆ ತೆಗೆಯುತ್ತೇವೆ. ಆ ನಡುವಿನ ಹೊತ್ತಿನಲ್ಲಿ ಬರುವವರು ಯಾರು? ಕೆಲಸ ಮುಗಿಸಿದ ಮನೆಗೆಲಸದವರು, ಆಸ್ಪತ್ರೆಗೆ ಬಂದ ಹಳ್ಳಿಯವರು, ಕೂಲಿ ಸಿಗದವರು. ಅವರಿಗೆ ನೆರಳು ಬೇಡವಾ? ಪಾರ್ಕು, ಆಟದ ಮೈದಾನ ಉಳಿಸೋಕೆ ಕರ್ನಾಟಕದಲ್ಲಿ 1985ರಿಂದಲೇ ಕಾಯ್ದೆ ಇದೆ. ಬೀಗ ತೆಗೆಸೋಕೆ ಮಾತ್ರ ಬಡಾವಣೆಯವರೇ ಬಾಯಿ ಬಿಡಬೇಕು.

ಇನ್ನು ಪ್ರಾಜೆಕ್ಟು. ಇಡೀ ಊರು ಬೇಡ. ಮೂರು ಜಾಗ ಸಾಕು: ನಿಮ್ಮ ಹಳೇ ಬೀದಿ, ಒಂದು ಪಾರ್ಕು, ಒಂದು ಬಸ್‌ಸ್ಟಾಪು. ಮಕ್ಕಳು ಇಬ್ಬಿಬ್ಬರಾಗಿ ಹೋಗಲಿ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಏಳೂವರೆ, ಹೀಗೆ ಹೊತ್ತು ಗೊತ್ತು ಮಾಡಿ ಪ್ರತಿ ಸಲ ಹದಿನೈದು ನಿಮಿಷ ಎಣಿಸಲಿ. ಬೆಳಗಿನ ಮತ್ತು ರಾತ್ರಿಯ ಪಾಳಿಗೆ ಮನೆಯ ದೊಡ್ಡವರೊಬ್ಬರು ಜೊತೆಗಿರಲಿ. ಹಾದು ಹೋದವರು ಬೇರೆ, ನಿಂತವರು ಕೂತವರು ಬೇರೆ. ಗಂಡಸು, ಹೆಂಗಸು, ಮಗು, ವಯಸ್ಸಾದವರು. ಒಬ್ಬರೇ ಇದ್ದಾರಾ, ಜೊತೆಗಿದ್ದಾರಾ. ಕೈಯಲ್ಲಿ ಫೋನ್ ಇದೆಯಾ ಅನ್ನೋದಕ್ಕೆ ಒಂದು ಕಾಲಂ ಇರಲಿ, ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಹಾಕಿಸಿ: ಫೋನನ್ನು ಪಕ್ಕದವರಿಗೆ ತೋರಿಸುತ್ತಿದ್ದಾರಾ? ನಾಲ್ಕು ಹುಡುಗರು ಒಂದೇ ಫೋನಿಗೆ ತಲೆ ಬಗ್ಗಿಸಿ ಮ್ಯಾಚ್ ನೋಡೋದನ್ನು ಒಂಟಿತನ ಅಂತ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಫೋಟೋ ಬೇಡವೇ ಬೇಡ. ಗೊತ್ತಿಲ್ಲದವರ ಫೋಟೋ, ಅದರಲ್ಲೂ ಹೆಂಗಸರದ್ದು ಮಕ್ಕಳದ್ದು, ತೆಗೆಯೋದು ಸರಿಯಲ್ಲ. ಪೆನ್ಸಿಲ್ಲು, ರಟ್ಟು, ಕೈಯಲ್ಲಿ ಬರೆದ ನಕ್ಷೆ ಸಾಕು.

ಕಾಲ ನೋಡಿಕೊಳ್ಳಿ. ಜುಲೈ ಮಳೆಯಲ್ಲಿ ಎಣಿಸಿದ್ದನ್ನು ಜನವರಿಯ ಜೊತೆ ಹೋಲಿಸಿದರೆ ಕೊಡೆಗಳ ಲೆಕ್ಕ ಬಿಟ್ಟು ಬೇರೇನೂ ಸಿಗಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಂತೆಯ ಜನವೇ ಬೇರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗಳ ಕಾರಿನಿಂದ ರಸ್ತೆ ತುಂಬಿರುತ್ತದೆ, ಊರಿನವರು ಮನೆಯಲ್ಲೇ ಇರುತ್ತಾರೆ, ಆದ್ದರಿಂದ ವಾರದ ನಡುವಿನ ದಿನ ತಪ್ಪದೆ ಇರಲಿ. ಗಣಪತಿ ಹಬ್ಬದ ವಾರ ಬಿಟ್ಟುಬಿಡಿ. ಹಾಸನದಲ್ಲಿ ಹಾಸನಾಂಬೆ ಬಾಗಿಲು ತೆಗೆದ ದಿನಗಳ ಕ್ಯೂ ನೋಡಿ ಊರಿನ ದಿನನಿತ್ಯ ಹೇಗಿದೆ ಅಂತ ಹೇಳೋಕಾಗುತ್ತಾ?

ಹಿಂದಿನ ಲೆಕ್ಕ ಎಲ್ಲಿಂದ ತರೋದು? ನಮ್ಮ ಬೀದಿಗೆ ಯಾರೂ ಕ್ಯಾಮೆರಾ ಇಟ್ಟಿರಲಿಲ್ಲ. ಆದರೆ ಮನೆಮನೆಯಲ್ಲಿ ಹಳೇ ಆಲ್ಬಂ ಇದೆ. ಮದುವೆ ಮೆರವಣಿಗೆ, ಗಣಪತಿ ಬಿಡೋಕೆ ಹೋಗೋದು, ಹೊಸ ಸ್ಕೂಟರಿನ ಮುಂದೆ ನಿಂತದ್ದು. ಮಕ್ಕಳಿಗೆ ಮುಂದೆ ನಿಂತವರನ್ನು ಬಿಟ್ಟು ಹಿಂದೆ ಏನಿದೆ ನೋಡಲು ಹೇಳಿ. ಜಗಲಿ ಇದೆಯಾ, ನಲ್ಲಿ ಇದೆಯಾ, ಎಷ್ಟು ಸೈಕಲ್ಲು, ಕಾರು ಉಂಟಾ, ಮರ ಎಲ್ಲಿತ್ತು, ಸುಮ್ಮನೆ ನಿಂತು ನೋಡುತ್ತಿರುವವರಲ್ಲಿ ಹೆಂಗಸರೆಷ್ಟು. ಫೋಟೋದ ಹಿಂದೆ ವರ್ಷ ಬರೆದಿದ್ದರಂತೂ ಚಿನ್ನ. ಅದೇ ಕೋನದಲ್ಲಿ ಈಗ ನಿಂತು ನಕ್ಷೆ ಬರೆಯಲಿ.

ಹಿರಿಯರನ್ನು ಕೇಳುವಾಗ "ಆವಾಗ ಹೇಗಿತ್ತಜ್ಜೀ" ಅಂತ ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಮದುವೆಯಾಗಿ ಬಂದ ಹೊಸದರಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಎಷ್ಟು ಸಲ ಹೊಸ್ತಿಲು ದಾಟುತ್ತಿದ್ದಿರಿ, ಯಾತಕ್ಕೆ ದಾಟುತ್ತಿದ್ದಿರಿ" ಅಂತ ಕೇಳಲಿ. ಅದೇ ಪ್ರಶ್ನೆಯನ್ನು ಅಮ್ಮನಿಗೆ, ಆಮೇಲೆ ಅಕ್ಕನಿಗೆ. ಒಂದು ಮನೆಯ ಮೂರು ತಲೆಮಾರಿನ ಉತ್ತರ ಒಂದು ಹಾಳೆಯಲ್ಲಿ ಬಂದರೆ ನಿಮ್ಮ ಪ್ರಾಜೆಕ್ಟಿನ ಅರ್ಧ ಕೆಲಸ ಮುಗಿಯಿತು. ತಾತ, ಅಪ್ಪ, ಅಣ್ಣನ ಹಾಳೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಅಷ್ಟು ಬದಲಾವಣೆ ಕಾಣದಿದ್ದರೆ ಆಶ್ಚರ್ಯಪಡಬೇಡಿ.

ಮೊದಲ ದಿನ ಎಣಿಸೋಕೆ ಹೋದವರು ಖಾಲಿ ಹಾಳೆ ಹಿಡಿದು ಬರುತ್ತಾರೆ, "ಯಾರೂ ಇರಲಿಲ್ಲ ಮಿಸ್" ಅಂತ. ಅದನ್ನೂ ಬರೆಸಿ. ಎಷ್ಟು ನಿಮಿಷ ಯಾರೂ ಇರಲಿಲ್ಲ, ಆಗ ಅಲ್ಲಿ ಯಾವ ವಾಹನ ನಿಂತಿತ್ತು, ಬಿಸಿಲು ಎಲ್ಲಿಯವರೆಗೆ ಬಂದಿತ್ತು, ಒಬ್ಬ ಮನುಷ್ಯ ಕೂರಬೇಕು ಅಂದರೆ ಎಲ್ಲಿ ಕೂರಬಹುದಿತ್ತು. ಆ ಹಾಳೆಗಳನ್ನು ಜೋಡಿಸಿ ನನಗೊಂದು ಪ್ರತಿ ಕಳಿಸಿ. ಕಾಲಂ ಎಲ್ಲಿ ಸರಿ ಮಾಡಬೇಕು ಅಂತ ನೋಡಿ ಹೇಳುತ್ತೇನೆ.